ಕೈ ಜೋಮು ಹಿಡಿಯಲು ಅಲ್ಯೂಮಿನಿಯಂ ಸೈಕಲ್ ಕಾರಣವೇ? ಫ್ರೇಮ್ ಮತ್ತು ಗ್ಲೌಸ್ ಬಗ್ಗೆ ತಿಳಿಯಬೇಕಾದ ಸಂಗತಿಗಳು

"ಅಲ್ಯೂಮಿನಿಯಂ ಸೈಕಲ್ ತಗೋಬೇಡಿ, ಕೈ ನೋವು ಬರುತ್ತೆ. ಸ್ಟೀಲ್ ಮೃದು, ಕಾರ್ಬನ್ ಇನ್ನೂ ಮೃದು. ಜೋಮು ಹಿಡಿದರೆ ದಪ್ಪ ಜೆಲ್ ಗ್ಲೌಸ್ ಹಾಕಿಕೊಳ್ಳಿ, ಸಾಕು."

ರೋಡ್ ಸೈಕಲ್ ಕೊಳ್ಳಲು ಹೊರಟವರಿಗೆ ಇಂಥ ಸಲಹೆಗಳು ಧಾರಾಳವಾಗಿ ಸಿಗುತ್ತವೆ. ಇದನ್ನು ನಂಬಿ ಲಕ್ಷ ರೂಪಾಯಿ ದಾಟುವ ಕಾರ್ಬನ್ ಸೈಕಲ್ ಕೊಂಡವರೂ ಇದ್ದಾರೆ. ಆದರೆ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗಿ ಬರುವಷ್ಟರಲ್ಲಿ ಕಿರುಬೆರಳು ಮತ್ತೆ ಜೋಮು ಹಿಡಿದಿರುತ್ತದೆ. ಹಾಗಾದರೆ ಆ ಸಲಹೆಯಲ್ಲಿ ಎಷ್ಟು ನಿಜ?

ಯಾವ ಲೋಹ ಗಟ್ಟಿ, ಯಾವುದು ಮೃದು?

ಇಲ್ಲೊಂದು ತಮಾಷೆಯಿದೆ. ಒಂದು ವಸ್ತು ಬಾಗಲು ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದಕ್ಕೆ ಯಂಗ್ಸ್ ಮಾಡ್ಯುಲಸ್ ಎಂಬ ಅಳತೆ ಇದೆ. ಸ್ಟೀಲ್‌ಗೆ ಅದು ಸುಮಾರು 200 ಗಿಗಾಪ್ಯಾಸ್ಕಲ್, ಟೈಟಾನಿಯಂಗೆ ಸುಮಾರು 110, ಅಲ್ಯೂಮಿನಿಯಂಗೆ ಸುಮಾರು 70. ಅಂದರೆ ಒಂದೇ ಗಾತ್ರದ ಕೊಳವೆಗಳನ್ನು ತೆಗೆದುಕೊಂಡರೆ ಸುಲಭವಾಗಿ ಬಾಗುವುದು ಅಲ್ಯೂಮಿನಿಯಂ. ಸ್ಟೀಲ್ ಅದಕ್ಕಿಂತ ಸುಮಾರು ಮೂರು ಪಟ್ಟು ಬಿಗಿ!

ಹಾಗಿದ್ದರೂ ಅಲ್ಯೂಮಿನಿಯಂ ಫ್ರೇಮ್ ಗಡುಸು ಎಂಬ ಹೆಸರು ಏಕೆ ಬಂತು? ಕಾರಣ ಕೊಳವೆಯ ದಪ್ಪ. ಅಲ್ಯೂಮಿನಿಯಂ ತೂಕದಲ್ಲಿ ಸ್ಟೀಲ್‌ನ ಮೂರನೇ ಒಂದು ಭಾಗದಷ್ಟೇ ಇದೆ. ಹಾಗಾಗಿ ತಯಾರಕರು ದಪ್ಪನೆಯ ಕೊಳವೆಗಳನ್ನು ಬಳಸುತ್ತಾರೆ. ಗೋಡೆಯ ದಪ್ಪ ಅಷ್ಟೇ ಇಟ್ಟು ತೆಳುಗೋಡೆಯ ಕೊಳವೆಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಅದು ಬಾಗದಿರುವ ಶಕ್ತಿ ಸುಮಾರು ಎಂಟು ಪಟ್ಟು ಹೆಚ್ಚುತ್ತದೆ. ಹೀಗಾಗಿ ಬಿಗಿಯನ್ನು ನಿರ್ಧರಿಸುವುದು ಲೋಹವೊಂದೇ ಅಲ್ಲ. ಕೊಳವೆಯ ಆಕಾರ, ದಪ್ಪ, ಜೋಡಣೆ ಎಲ್ಲವೂ ಸೇರಿ ಅದನ್ನು ನಿರ್ಧರಿಸುತ್ತವೆ. ಕಾರ್ಬನ್ ಕೂಡ ಹಾಗೆಯೇ. ಅದರ ನಾರಿನ ಪದರಗಳನ್ನು ಯಾವ ದಿಕ್ಕಿಗೆ ಜೋಡಿಸುತ್ತಾರೆ ಎಂಬುದರ ಮೇಲೆ ಫ್ರೇಮ್ ಬಿಗಿಯಾಗಿಯೂ ಇರಬಹುದು, ಹದವಾಗಿ ಬಾಗುವಂತೆಯೂ ಇರಬಹುದು.

ಫ್ರೇಮ್ ಕುಲುಕಾಟವನ್ನು ಎಷ್ಟು ನುಂಗುತ್ತದೆ?

ಸೈಕಲ್ ಫ್ರೇಮನ್ನು ಪಕ್ಕದಿಂದ ನೋಡಿ. ಎರಡು ತ್ರಿಕೋನಗಳು ಕಾಣುತ್ತವೆ. ರೈಲ್ವೆ ಸೇತುವೆಗಳಲ್ಲಿ, ಗೋದಾಮಿನ ಚಾವಣಿ ಹೊರುವ ಕಬ್ಬಿಣದ ಚೌಕಟ್ಟಿನಲ್ಲಿ ಇರುವುದೂ ಇದೇ ತ್ರಿಕೋನ. ಮೇಲಿನಿಂದ ಬೀಳುವ ಭಾರಕ್ಕೆ ಅದು ಜಗ್ಗುವುದು ಬಹಳ ಕಡಿಮೆ. ಯಾವ ವಸ್ತುವಿನಿಂದ ಮಾಡಿದರೂ ಇದು ಅಷ್ಟಾಗಿ ಬದಲಾಗುವುದಿಲ್ಲ.

ಈಗ ಸೈಕಲ್ ಮೇಲೆ ಕೂತು ಯಾರಿಗಾದರೂ ಟೈರು ನೋಡಲು ಹೇಳಿ. ನೆಲ ಮುಟ್ಟುವ ಜಾಗದಲ್ಲಿ ಅದು ಚಪ್ಪಟೆಯಾಗಿ ಪಕ್ಕಕ್ಕೆ ಉಬ್ಬುವುದು ಬರಿಗಣ್ಣಿಗೇ ಕಾಣುತ್ತದೆ. ರಸ್ತೆಯ ಕುಲುಕನ್ನು ಮೊದಲು ನುಂಗುವುದು ಈ ಗಾಳಿ. ಆಮೇಲೆ ಸೀಟು, ಸೀಟಿನ ಕಂಬ, ಹ್ಯಾಂಡಲ್ ಮತ್ತು ಅದರ ಟೇಪು, ಮುಂದಿನ ಫೋರ್ಕ್. ಫ್ರೇಮ್‌ನ ಪಾಲು ಕೊನೆಗೆ ಬರುತ್ತದೆ.

ಇತಿಹಾಸವೂ ಇದನ್ನೇ ಹೇಳುತ್ತದೆ. 1860ರ ದಶಕದ ಸೈಕಲ್‌ಗಳಿಗೆ ಕಬ್ಬಿಣದ ಫ್ರೇಮ್ ಇತ್ತು, ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಇತ್ತು. ಜನ ಅದಕ್ಕೆ 'ಮೂಳೆ ಕುಲುಕುವ ಗಾಡಿ' ಎಂಬ ಅರ್ಥದ ಅಡ್ಡಹೆಸರು ಇಟ್ಟಿದ್ದರು. ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ಬೆಲ್‌ಫಾಸ್ಟ್‌ನಲ್ಲಿ ಮಗನ ಮೂರು ಚಕ್ರದ ಸೈಕಲ್‌ಗೆ ಗಾಳಿ ತುಂಬಿದ ಟೈರು ಮಾಡಿಕೊಟ್ಟು, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಸವಾರಿಯನ್ನು ಹಿತವಾಗಿಸಿದ್ದು ಆ ಗಾಳಿಯೇ.

ಗಾಳಿ ಗಟ್ಟಿಯಾಗಿದ್ದಷ್ಟೂ ಸೈಕಲ್ ವೇಗವೇ?

ಇದೂ ಪೂರ್ತಿ ನಿಜವಲ್ಲ. ನುಣುಪಾದ ರಸ್ತೆಯಲ್ಲಿ ಸ್ವಲ್ಪ ಲಾಭ ಇರಬಹುದು. ಆದರೆ ಜಲ್ಲಿ ಎದ್ದ, ತೇಪೆ ಹಾಕಿದ ನಮ್ಮ ರಸ್ತೆಗಳಲ್ಲಿ ಕಲ್ಲಿನಂತೆ ಗಟ್ಟಿಯಾದ ಟೈರು ಪುಟಿಯುತ್ತಾ ಹೋಗುತ್ತದೆ. ಮುಂದೆ ಹೋಗಬೇಕಾದ ಶಕ್ತಿ ನಿಮ್ಮನ್ನು ಕುಲುಕುವುದರಲ್ಲಿ ಖರ್ಚಾಗುತ್ತದೆ. ಹಿಂದೆ 23 ಮಿಲಿಮೀಟರ್ ಟೈರಿಗೆ 110-120 ಪಿಎಸ್‌ಐ ಗಾಳಿ ತುಂಬುವುದು ರೂಢಿಯಾಗಿತ್ತು. ಈಗ ರೇಸ್ ಓಡಿಸುವವರೂ 28 ಮಿಲಿಮೀಟರ್ ಮತ್ತು ಅದಕ್ಕಿಂತ ಅಗಲದ ಟೈರುಗಳಿಗೆ ಬಂದಿದ್ದಾರೆ.

ಸುಮಾರು 70 ಕಿಲೋ ತೂಕದವರು ಟ್ಯೂಬ್ ಇರುವ 28 ಮಿಲಿಮೀಟರ್ ಟೈರಿಗೆ 70ರಿಂದ 80 ಪಿಎಸ್‌ಐ ಇಟ್ಟು ನೋಡಬಹುದು. ಮುಂದಿನ ಚಕ್ರಕ್ಕೆ ಸ್ವಲ್ಪ ಕಡಿಮೆ ಇರಲಿ. ಪ್ರತಿ ಸಲ 5 ಪಿಎಸ್‌ಐ ಹೆಚ್ಚು ಕಡಿಮೆ ಮಾಡಿ ನಿಮಗೆ ಒಗ್ಗುವುದನ್ನು ಕಂಡುಕೊಳ್ಳಿ. ಟೈರಿನ ಮೇಲೆ ಬರೆದ ಮಿತಿಯನ್ನು ಮಾತ್ರ ದಾಟಬೇಡಿ. ಗಾಳಿ ತೀರಾ ಕಡಿಮೆಯಾದರೆ ಗುಂಡಿಗೆ ಇಳಿದಾಗ ರಿಮ್‌ಗೂ ರಸ್ತೆಗೂ ನಡುವೆ ಟ್ಯೂಬ್ ಸಿಕ್ಕಿ ಪಂಕ್ಚರ್ ಆಗುತ್ತದೆ. ಹೊಸ ಸೈಕಲ್ ಕೊಳ್ಳುವಾಗ ಫ್ರೇಮ್ ಯಾವುದರದ್ದು ಎಂದು ಕೇಳುವ ಮೊದಲು "ಇದರಲ್ಲಿ ಎಷ್ಟು ಅಗಲದ ಟೈರು ಕೂರುತ್ತದೆ?" ಎಂದು ಕೇಳಿ.

ಬೆರಳು ಜೋಮು ಹಿಡಿಯುವುದು ಏಕೆ?

ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಎರಡು ಪುಟ್ಟ ಮೂಳೆಗಳ ನಡುವೆ ಒಂದು ಸಣ್ಣ ಹಾದಿ ಇದೆ. ಫ್ರಾನ್ಸಿನ ಶಸ್ತ್ರವೈದ್ಯ ಫೆಲಿಕ್ಸ್ ಗಿಯಾನ್ 1861ರಲ್ಲಿ ಇದನ್ನು ವಿವರಿಸಿದ್ದರಿಂದ ಅವರದೇ ಹೆಸರು ಬಂದಿದೆ. ಅಲ್ನಾರ್ ನರ ಬೆರಳುಗಳಿಗೆ ಹೋಗುವುದು ಇದರ ಮೂಲಕ. ಕಿರುಬೆರಳಿಗೆ ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುವ ನರ ಇದು. ಬೆರಳು ಅಗಲಿಸುವ, ಚಿಮುಟಿ ಹಿಡಿಯುವ ಸಣ್ಣ ಸ್ನಾಯುಗಳನ್ನು ನಡೆಸುವುದೂ ಇದೇ.

ಗಂಟೆಗಟ್ಟಲೆ ಅಂಗೈಯ ಆ ಜಾಗವನ್ನು ಹ್ಯಾಂಡಲ್‌ಗೆ ಒತ್ತಿಕೊಂಡು, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿಕೊಂಡು ಹೋದರೆ ನರ ಒತ್ತಿಹೋಗುತ್ತದೆ. ಮೊದಲು ಜೋಮು, ಆಮೇಲೆ ಹಿಡಿತದಲ್ಲಿ ಬಲಹೀನತೆ. ವೈದ್ಯರು ಇದನ್ನು ಸೈಕಲ್ ಸವಾರರ ತೊಂದರೆ ಎಂದೇ ಗುರುತಿಸುತ್ತಾರೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಒತ್ತಡ ಬೀಳುತ್ತಿರುವುದು ಮಣಿಕಟ್ಟಿನ ನಡುವೆ ಹೋಗುವ ಇನ್ನೊಂದು ನರದ ಮೇಲೆ.

ದಪ್ಪ ಜೆಲ್ ಗ್ಲೌಸ್ ಹಾಕಿದರೆ ಸಾಕೇ?

ಪ್ಯಾಡ್ ಇರುವ ಗ್ಲೌಸ್ ಒತ್ತಡವನ್ನು ಸ್ವಲ್ಪ ಹಂಚುತ್ತದೆ, ನಿಜ. ಆದರೆ ದಪ್ಪ ಇದ್ದಷ್ಟೂ ಒಳ್ಳೆಯದಲ್ಲ. ಅತಿ ದಪ್ಪದ ಜೆಲ್ ಮುದ್ದೆಯಾಗಿ ನರದ ಮೇಲೆಯೇ ಒತ್ತಬಹುದು. ಹ್ಯಾಂಡಲ್ ದಪ್ಪವೆನಿಸಿ ನೀವೇ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೀರಿ. ಕೊಳ್ಳುವಾಗ ಇವನ್ನು ನೋಡಿ:

- ಅಂಗಡಿಯಲ್ಲೇ ಹಾಕಿಕೊಂಡು ಸೈಕಲ್ ಹ್ಯಾಂಡಲ್ ಹಿಡಿದು ನೋಡಿ. ಅಂಗೈಯಲ್ಲಿ ಬಟ್ಟೆ ಮಡಿಕೆ ಬೀಳಬಾರದು.
- ಪ್ಯಾಡ್ ತೆಳುವಾಗಿದ್ದರೂ ಅಂಗೈಯ ಬುಡದಲ್ಲಿ ಸರಿಯಾದ ಜಾಗದಲ್ಲಿ ಇರಬೇಕು.
- ಮಣಿಕಟ್ಟಿನ ಪಟ್ಟಿ, ಬೆರಳ ಸಂದು ಬಿಗಿಯಾಗಿರಬಾರದು. ಬಿಗಿ ಗ್ಲೌಸ್ ತಾನೇ ಜೋಮು ತರುತ್ತದೆ.
- ನಮ್ಮ ಸೆಕೆಗೆ ಅರ್ಧ ಬೆರಳಿನದು, ಗಾಳಿಯಾಡುವ ಬಟ್ಟೆಯದು ಸಾಕು.

ಗ್ಲೌಸ್‌ನ ಇನ್ನೆರಡು ಕೆಲಸಗಳನ್ನು ಜನ ಮರೆಯುತ್ತಾರೆ. ಬೆವರಿದ ಕೈ ಬ್ರೇಕ್ ಮೇಲೆ ಜಾರದಂತೆ ಅದು ತಡೆಯುತ್ತದೆ. ಬಿದ್ದಾಗ ನಾವು ಮೊದಲು ನೆಲಕ್ಕೆ ಊರುವುದು ಅಂಗೈಯನ್ನೇ, ಆಗ ಚರ್ಮ ಕಿತ್ತುಹೋಗದಂತೆ ಕಾಪಾಡುತ್ತದೆ. ಅಷ್ಟಕ್ಕಾದರೂ ಗ್ಲೌಸ್ ಹಾಕಬೇಕು.

ಖರ್ಚಿಲ್ಲದೆ ಮೊದಲು ಮಾಡಬೇಕಾದ್ದು

ಕೈ ಮೇಲೆ ಭಾರ ಹೆಚ್ಚಾಗಲು ಸೀಟು ಹಲವು ಬಾರಿ ಕಾರಣ. ಅದರ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಇಡೀ ಭಾರ ಅಂಗೈಗೆ ಬೀಳುತ್ತದೆ. ಸೀಟಿನ ಮೇಲೆ ಒಂದು ಹಲಗೆ ಇಟ್ಟು, ಮೊಬೈಲ್‌ನ ಲೆವೆಲ್ ಆ್ಯಪ್‌ನಿಂದ ಮಟ್ಟ ನೋಡಿ. ಹ್ಯಾಂಡಲ್ ತೀರಾ ದೂರ ಅಥವಾ ತಗ್ಗಾಗಿದ್ದರೂ ಹೀಗೆಯೇ ಆಗುತ್ತದೆ. ಸೈಕಲ್ ಅಂಗಡಿಯಲ್ಲಿ ಹೇಳಿ ಸರಿಪಡಿಸಿಕೊಳ್ಳಿ.

ಓಡಿಸುವಾಗ ಮೊಣಕೈ ಸ್ವಲ್ಪ ಮಡಚಿರಲಿ, ಮಣಿಕಟ್ಟು ನೇರವಾಗಿರಲಿ. ಕೆಲವು ನಿಮಿಷಗಳಿಗೊಮ್ಮೆ ಹ್ಯಾಂಡಲ್ ಹಿಡಿಯುವ ಜಾಗ ಬದಲಿಸಿ. ರೋಡ್ ಸೈಕಲ್‌ನ ಬಾಗಿದ ಹ್ಯಾಂಡಲ್‌ನಲ್ಲಿ ಮೂರು ಕಡೆ ಹಿಡಿಯಲು ಜಾಗ ಇರುವುದು ಇದಕ್ಕೇ.

ಹಾಗಾದರೆ ಯಾವ ಫ್ರೇಮ್ ಕೊಳ್ಳಬೇಕು?

ನಿಮ್ಮ ಅಳತೆಗೆ ಸರಿಹೊಂದುವುದು ಮೊದಲು, ವಸ್ತು ಆಮೇಲೆ.

- ಅಲ್ಯೂಮಿನಿಯಂ: ಹಗುರ, ಬೆಲೆ ಕಡಿಮೆ, ಸ್ಟೀಲ್‌ನಂತೆ ತುಕ್ಕು ಹಿಡಿಯುವುದಿಲ್ಲ. ಕಾರ್ಬನ್ ಫೋರ್ಕ್, ಅಗಲದ ಟೈರು ಇದ್ದರೆ ಹೆಚ್ಚಿನವರಿಗೆ ಇದೇ ಸಾಕು.
- ಸ್ಟೀಲ್: ಬಾಳಿಕೆ ಹೆಚ್ಚು, ಬಿರುಕು ಬಿಟ್ಟರೆ ಬೆಸೆಯಬಹುದು. ತೂಕ ಹೆಚ್ಚು, ಕರಾವಳಿಯ ಉಪ್ಪುಗಾಳಿಯಲ್ಲಿ ತುಕ್ಕಿನ ಮೇಲೆ ಕಣ್ಣಿಡಬೇಕು.
- ಕಾರ್ಬನ್: ಬಹಳ ಹಗುರ, ಬೇಕಾದಂತೆ ರೂಪಿಸಬಹುದು. ಜೋರಾಗಿ ಪೆಟ್ಟು ಬಿದ್ದರೆ ಒಳಗಿನ ಹಾನಿ ಹೊರಗೆ ಕಾಣದಿರಬಹುದು, ತಿಳಿದವರಿಂದ ಪರೀಕ್ಷೆ ಮಾಡಿಸಲೇಬೇಕು.
- ಟೈಟಾನಿಯಂ: ತುಕ್ಕಿಲ್ಲ, ದೀರ್ಘ ಬಾಳಿಕೆ. ಬೆಲೆ ದುಬಾರಿ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಇಳಿದು ಕೈ ಕೊಡವಿದರೆ ಹೋಗುವ ಜೋಮಿಗೆ ಹೆದರಬೇಕಿಲ್ಲ. ಆದರೆ ಜೋಮು ಮರುದಿನವೂ ಉಳಿದರೆ, ಅಂಗಿಯ ಗುಂಡಿ ಹಾಕಲು ಅಥವಾ ಬೀಗದ ಕೀಲಿ ತಿರುಗಿಸಲು ಕಷ್ಟವಾದರೆ, ಬೆರಳು ಅಗಲಿಸಲು ಬಲ ಸಾಲದಾದರೆ ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಿ. ಬೇಗ ಒತ್ತಡ ತಪ್ಪಿಸಿದರೆ ನರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಓಡಿಸಿದರೆ ಸ್ನಾಯು ಸೊರಗುವ ಅಪಾಯವಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಜೋಮಿಗೆ ಬೇರೆ ಕಾರಣವೂ ಇರಬಹುದು, ಅವರು ಇನ್ನೂ ಬೇಗ ತೋರಿಸಿಕೊಳ್ಳಬೇಕು.

ಮುಂದಿನ ಸಲ "ಕೈ ಜೋಮು ಹಿಡಿಯುತ್ತಿದೆ, ಸೈಕಲ್ ಬದಲಿಸಲೇ?" ಎಂದು ಯಾರಾದರೂ ಕೇಳಿದರೆ ಈ ಕ್ರಮ ಹೇಳಿ: ಮೊದಲು ಗಾಳಿ, ಆಮೇಲೆ ಸೀಟು, ನಂತರ ಹಿಡಿಯುವ ರೀತಿ, ಅದಾದ ಮೇಲೆ ಗ್ಲೌಸ್. ಫ್ರೇಮ್ ಮಾತು ಕೊನೆಗೆ.