ಕಾಣೆಯಾದ ಬೆಳಕಿನ ಲೆಕ್ಕ

ಜೂನ್ ಕೊನೆಯ ವಾರ. ಆರಿದ್ರಾ ಮಳೆ ಹಿಡಿದಿದೆ. ಮನೆಯ ಹಿರಿಯರನ್ನು ‘ಆರಿದ್ರಾ ನಕ್ಷತ್ರ ಎಲ್ಲಿದೆ, ತೋರಿಸಿ’ ಎಂದು ಕೇಳಿದರೆ ಗೋಡೆಯ ಪಂಚಾಂಗದ ಕಡೆ ಕೈ ತೋರಿಸುತ್ತಾರೆ. ಅವರದೇನೂ ತಪ್ಪಿಲ್ಲ. ಮೋಡ ಸರಿದರೂ ಆ ಎರಡು ವಾರ ಆ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಸೂರ್ಯ ಆಗ ಅದೇ ದಿಕ್ಕಿನಲ್ಲಿರುತ್ತಾನೆ. ನಕ್ಷತ್ರ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ನಮ್ಮ ಮಳೆ ನಕ್ಷತ್ರಗಳ ಪಟ್ಟಿಯೆಂದರೆ ಬಹುಮಟ್ಟಿಗೆ ಆಯಾ ಕಾಲದಲ್ಲಿ ಕಾಣದೆ ಹೋದ ನಕ್ಷತ್ರಗಳ ಪಟ್ಟಿ. ಆರಿದ್ರಾ ಕೈಕೊಟ್ಟರೆ ದರಿದ್ರ ಎಂದು ಪ್ರಾಸ ಕಟ್ಟುವ ರೈತ ಅದನ್ನು ಕಣ್ಣಾರೆ ನೋಡಬೇಕಾದರೆ ಜನವರಿಯವರೆಗೆ ಕಾಯಬೇಕು. ಆಗ ಸಂಜೆ ಕಳೆಯುತ್ತಿದ್ದಂತೆ ಪೂರ್ವದಲ್ಲಿ ಕೆಂಪಗೆ ಹೊಳೆಯುತ್ತದೆ. ಕಾಲೇಜಿನ ಪಠ್ಯಪುಸ್ತಕದಲ್ಲಿ ಅದರ ಹೆಸರು ಬೀಟಲ್‌ಜ್ಯೂಸ್.

ಖಗೋಳವಿಜ್ಞಾನದ ಮೊದಲ ಪಾಠವನ್ನು ಇಲ್ಲಿಂದ ಶುರು ಮಾಡುವುದು ನನಗಿಷ್ಟ. ಈ ವಿದ್ಯೆಯಲ್ಲಿ ಕಂಡದ್ದಕ್ಕಿಂತ ಕಾಣೆಯಾದದ್ದೇ ಹೆಚ್ಚು ಮಾತಾಡುತ್ತದೆ. ಆ ಮಾತನ್ನು ಆಲಿಸುವುದನ್ನೇ ಕಸುಬು ಮಾಡಿಕೊಂಡ ಊರೊಂದು ಬೆಂಗಳೂರಿನಿಂದ ನಾಲ್ಕು ಗಂಟೆಯ ದಾರಿಯಲ್ಲಿದೆ. ಚೆನ್ನೈ ಹೆದ್ದಾರಿಯಲ್ಲಿ ವಾಣಿಯಂಬಾಡಿವರೆಗೆ ಹೋಗಿ, ಅಲ್ಲಿ ಆಲಂಗಾಯಂ ಕಡೆ ತಿರುಗಿದರೆ ಜವಾದಿ ಬೆಟ್ಟಗಳ ಏರು ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದಲ್ಲಿ ಕಾಡಿನ ನಡುವೆ ಬಿಳಿ ಗುಮ್ಮಟಗಳು. ಇದು ಕಾವಲೂರು, ವೈನು ಬಾಪು ವೀಕ್ಷಣಾಲಯ. ಇರುವುದು ತಮಿಳುನಾಡಿನಲ್ಲಿ, ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತವಿಜ್ಞಾನ ಸಂಸ್ಥೆ.

ಮೊದಲ ಸಲ ಹೋದವರಿಗೆ ಅಲ್ಲೊಂದು ನಿರಾಸೆ ಕಾದಿರುತ್ತದೆ. 2.34 ಮೀಟರ್ ಕನ್ನಡಿಯ ಆ ದೊಡ್ಡ ದೂರದರ್ಶಕಕ್ಕೆ ಯಾರೂ ಕಣ್ಣು ಹಚ್ಚಿ ಕೂರುವುದಿಲ್ಲ. ಬೆಳಕು ಕನ್ನಡಿಗೆ ಬಡಿದು, ಒಂದೆಡೆ ಕೂಡಿ, ಉಪಕರಣದೊಳಗೆ ಇಳಿದು, ಕೊನೆಗೆ ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಬೀಳುತ್ತದೆ. ದೂರದರ್ಶಕವೆಂದರೆ ದೂರದ್ದನ್ನು ಹತ್ತಿರ ತರುವ ಯಂತ್ರ ಎಂದೇ ನಾವೆಲ್ಲ ನಂಬಿದ್ದೇವೆ. ಅದರ ನಿಜವಾದ ಕೆಲಸ ಮಳೆನೀರಿಗೆ ಇಟ್ಟ ಹಂಡೆಯ ಕೆಲಸ. ಬಾಯಿ ಅಗಲವಿದ್ದಷ್ಟೂ ಹೆಚ್ಚು ತುಂಬುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಪಾಪೆ ಹಿಗ್ಗಿದರೆ ಏಳು ಮಿಲಿಮೀಟರ್; ಅದರ ಪಕ್ಕದಲ್ಲಿ ಈ ಕನ್ನಡಿ ಹಿಡಿಯುವ ಬೆಳಕು ಒಂದು ಲಕ್ಷ ಪಟ್ಟಿಗಿಂತಲೂ ಹೆಚ್ಚು. ಎಷ್ಟೇ ಹಿಗ್ಗಿಸಿದರೂ ನಕ್ಷತ್ರ ಚುಕ್ಕಿಯಾಗಿಯೇ ಉಳಿಯುತ್ತದೆ. ಆ ಚುಕ್ಕಿಯಿಂದ ನಮಗೆ ಬರುವುದು ಬೆಳಕೊಂದೇ. ಅದರ ಬಿಸಿ, ತೂಕ, ಒಡಲು, ವಯಸ್ಸು ಎಲ್ಲವನ್ನೂ ಆ ಬೆಳಕಿನಿಂದಲೇ ಹಿಂಡಿ ತೆಗೆಯಬೇಕು.

ಬಣ್ಣದಿಂದ ಆರಂಭಿಸಬಹುದು. ಇದಕ್ಕೆ ಬರಿಗಣ್ಣು ಸಾಕು. ಬೇಟೆಗಾರನ ಆಕಾರದ ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಒಂದು ಭುಜಕ್ಕೆ ಆರಿದ್ರಾ, ಎದುರು ಪಾದಕ್ಕೆ ರೈಜೆಲ್. ಒಂದು ಕೆಂಡದ ಬಣ್ಣ, ಇನ್ನೊಂದು ನೀಲಿ ಬೆರೆತ ಬಿಳಿ. ಕುಲುಮೆ ನೋಡಿದವರಿಗೆ ಹೇಳಿಕೊಡಬೇಕಿಲ್ಲ: ಕಬ್ಬಿಣ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕಾದು ಕಾದು ಬೆಳ್ಳಗಾಗುತ್ತದೆ. ಆರಿದ್ರಾದ ಮೇಲ್ಮೈ ಸುಮಾರು 3,500 ಕೆಲ್ವಿನ್, ಸೂರ್ಯನದು 5,800, ರೈಜೆಲ್‌ನದು 12,000ದ ಆಸುಪಾಸು. ಬಚ್ಚಲಿನ ನಲ್ಲಿಯಲ್ಲಿ ಕೆಂಪು ಬಿಸಿ, ನೀಲಿ ತಣ್ಣಗೆ ಎಂದು ಕಲಿಸಿದವರು ಆಕಾಶ ನೋಡಿದಂತಿಲ್ಲ.

ಹೊಳಪನ್ನು ಅಳೆಯುವ ಕಾಂತಿಮಾನದ ಲೆಕ್ಕ ವಿದ್ಯಾರ್ಥಿಗಳಿಗೆ ತಲೆನೋವು, ಏಕೆಂದರೆ ಅಲ್ಲಿ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಐದು ಅಂಕಿಯ ಅಂತರಕ್ಕೆ ಬೆಳಕು ನೂರು ಪಟ್ಟು ವ್ಯತ್ಯಾಸ ಎಂಬ ನಿಯಮವನ್ನು 1856ರಲ್ಲಿ ಸೂಚಿಸಿದ ನಾರ್ಮನ್ ಪಾಗ್ಸನ್ ಮುಂದೆ ಮದರಾಸಿನ ವೀಕ್ಷಣಾಲಯಕ್ಕೆ ಬಂದು, 1891ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಆ ವೀಕ್ಷಣಾಲಯದ ವಂಶವೇ ಕೊಡೈಕೆನಾಲ್‌ಗೆ ಹೋಗಿ, ಅಲ್ಲಿಂದ ಕಾವಲೂರಿಗೆ ಇಳಿದದ್ದು. ಪ್ರಪಂಚದ ಎಲ್ಲ ಪುಸ್ತಕಗಳಲ್ಲೂ ಇರುವ ಆ ಅಳತೆಗೋಲನ್ನು ಮಾಡಿದವನು ನಮ್ಮ ಪಕ್ಕದೂರಿನವನಾಗಿ ಸತ್ತ ಎನ್ನುವುದನ್ನು ಪಾಠ ಮಾಡುವವರು ಒಂದು ಸಾಲಿನಲ್ಲಾದರೂ ಹೇಳಬೇಕು.

ಬಣ್ಣ, ಹೊಳಪು ದಾಟಿದ ಮೇಲೆ ನಿಜವಾದ ಕಸುಬು ಶುರುವಾಗುತ್ತದೆ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಹರಡಿದರೆ ಸಿಗುವುದು ರೋಹಿತ. ಸೂರ್ಯನ ರೋಹಿತವನ್ನು 1814ರಲ್ಲಿ ಸೂಕ್ಷ್ಮವಾಗಿ ನೋಡಿದ ಜರ್ಮನಿಯ ಗಾಜಿನ ಕುಶಲಿ ಫ್ರಾನ್‌ಹೋಫರ್‌ನಿಗೆ ಬಣ್ಣಗಳ ನಡುವೆ ನೂರಾರು ಕಪ್ಪು ಗೆರೆಗಳು ಕಂಡವು. ಅಷ್ಟಷ್ಟು ಬೆಳಕು ದಾರಿಯಲ್ಲಿ ಎಲ್ಲೋ ಕಾಣೆಯಾಗಿತ್ತು. ಯಾರು ಕದ್ದರು? ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಉಪ್ಪು ಹಾಕಿದ ನೀರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದರೆ ನೀಲಿ ಉರಿ ಚಕ್ಕನೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಹಳದಿ. ಸೂರ್ಯನ ರೋಹಿತದಲ್ಲಿ ಸರಿಯಾಗಿ ಅದೇ ಹಳದಿಯ ಜಾಗದಲ್ಲಿ ಎರಡು ಕಪ್ಪು ಗೆರೆಗಳಿವೆ. ಬಿಸಿಯಾಗಿ ಉರಿಯುವಾಗ ಯಾವ ಬಣ್ಣವನ್ನು ಚೆಲ್ಲುತ್ತದೋ, ಹಿಂದಿನಿಂದ ಬರುವ ಬೆಳಕಿನಲ್ಲಿ ಅದೇ ಬಣ್ಣವನ್ನು ಅನಿಲ ನುಂಗುತ್ತದೆ. 1859ರಲ್ಲಿ ಕಿರ್ಕಾಫ್ ಮತ್ತು ಬುನ್‌ಸೆನ್ ಇದನ್ನು ಬಿಡಿಸಿದ ಮೇಲೆ ನಕ್ಷತ್ರದ ಒಡಲಲ್ಲಿ ಏನಿದೆಯೆಂದು ಭೂಮಿಯಿಂದಲೇ ಓದಬಹುದಾಯಿತು.

ಓದುವುದು ಮಾತ್ರ ಸುಲಭವಿರಲಿಲ್ಲ. ಗೆರೆ ದಪ್ಪಗಿದ್ದರೆ ಆ ವಸ್ತು ಹೆಚ್ಚಿದೆ ಎಂದುಕೊಳ್ಳುವುದು ಸಹಜ, ಅದು ತಪ್ಪು. ಪರಮಾಣು ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ಗೆರೆಯ ಗಾತ್ರ ನಿಂತಿದೆ. ಸ್ಥಿತಿಯನ್ನು ನಿರ್ಧರಿಸುವುದು ಬಿಸಿ ಮತ್ತು ಒತ್ತಡ. ಇದಕ್ಕೆ ಸಮೀಕರಣ ಕೊಟ್ಟವರು 1920ರಲ್ಲಿ, ಇನ್ನೂ ಮೂವತ್ತು ತುಂಬದ ಮೇಘನಾದ ಸಹಾ. ಅದನ್ನು ಹಿಡಿದು ಸಿಸಿಲಿಯಾ ಪೇನ್ ಎಂಬ ಯುವತಿ 1925ರಲ್ಲಿ ಲೆಕ್ಕ ಹಾಕಿದಾಗ ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಜಲಜನಕ ಎಂದು ಬಂತು. ಭೂಮಿಯಂಥದೇ ಒಡಲು ನಕ್ಷತ್ರಕ್ಕೂ ಇದೆ ಎಂದು ನಂಬಿದ್ದ ಹಿರಿಯ ವಿಜ್ಞಾನಿ ರಸೆಲ್ ಒಪ್ಪಲಿಲ್ಲ. ‘ಈ ಫಲಿತಾಂಶ ನಿಜವಲ್ಲವೆಂಬುದು ಹೆಚ್ಚುಕಡಿಮೆ ಖಚಿತ’ ಎಂಬರ್ಥದ ಮಾತನ್ನು ಆಕೆ ತನ್ನ ಪ್ರಬಂಧದಲ್ಲೇ ಸೇರಿಸಬೇಕಾಯಿತು. ನಾಲ್ಕು ವರ್ಷದ ನಂತರ ರಸೆಲ್ ತಾನೇ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದ.

ಇದೇ ಗೆರೆಗಳ ವಿದ್ಯೆಯಿಂದ ಹೆಸರು ಮಾಡಿದವರು ವೈನು ಬಾಪು. ಹುಟ್ಟಿದ್ದು 1927ರಲ್ಲಿ; ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದರು. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗಲೇ ಧೂಮಕೇತುವೊಂದನ್ನು ಕಂಡುಹಿಡಿದರು. 1957ರಲ್ಲಿ ಓಲಿನ್ ವಿಲ್ಸನ್ ಜೊತೆ ಪ್ರಕಟಿಸಿದ ಕೆಲಸ ಇನ್ನೂ ಸೊಗಸು. ತಣ್ಣನೆಯ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಅಗಲ ಕಪ್ಪು ಗೆರೆಯ ನಟ್ಟನಡುವೆ ಸಣ್ಣದೊಂದು ಬೆಳಕಿನ ಎಳೆ ಇರುತ್ತದೆ. ಆ ಎಳೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಕಾಂತಿ ಹೆಚ್ಚು ಎಂದು ಇಬ್ಬರೂ ಗುರುತಿಸಿದರು. ದೂರದ ದೊಡ್ಡ ದೀಪ ಯಾವುದು, ಹತ್ತಿರದ ಬುಡ್ಡಿದೀಪ ಯಾವುದು ಎಂದು ಕತ್ತಲಲ್ಲಿ ಬೇರ್ಪಡಿಸಲು ಇದು ಉಪಾಯ. ನಿಜವಾದ ಕಾಂತಿ ಗೊತ್ತಾದರೆ, ಕಾಣುವ ಹೊಳಪಿನ ಜೊತೆ ಹೋಲಿಸಿ ದೂರವನ್ನೂ ಹೇಳಬಹುದು.

ಬಾಪು 1960ರಲ್ಲಿ ಕೊಡೈಕೆನಾಲ್‌ಗೆ ನಿರ್ದೇಶಕರಾಗಿ ಬಂದರು. ಅಲ್ಲಿ ಸೂರ್ಯನ ಅಧ್ಯಯನಕ್ಕೆ ಒಳ್ಳೆಯ ಹಗಲುಗಳಿದ್ದವು, ನಕ್ಷತ್ರಕ್ಕೆ ಬೇಕಾದ ರಾತ್ರಿಗಳಿರಲಿಲ್ಲ. ಹುಡುಕಿ ಹಿಡಿದದ್ದು ಕಾವಲೂರನ್ನು. ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ಈ ಜಾಗದಿಂದ ಉತ್ತರದ ಆಕಾಶದ ಜೊತೆಗೆ ದಕ್ಷಿಣದ ಬಹುಭಾಗವೂ ಕಾಣುತ್ತದೆ. 1960ರ ದಶಕದ ಕೊನೆಗೆ ಸ್ವಂತ ಕಾರ್ಯಾಗಾರದಲ್ಲೇ ಮಾಡಿದ 38 ಸೆಂಟಿಮೀಟರ್ ದೂರದರ್ಶಕ ಬಂತು, 1972ರಲ್ಲಿ ಜರ್ಮನಿಯಿಂದ ಒಂದು ಮೀಟರಿನದು. ಆ ವರ್ಷ ಜೂನ್ 7ರಂದು ಗುರುವಿನ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದಕ್ಕೆ ಅಡ್ಡ ಬಂದಾಗ ಅದರ ಬೆಳಕು ಆರಿದ ರೀತಿಯಿಂದ ಅಲ್ಲಿ ವಾಯುಮಂಡಲವಿದೆ ಎಂದು ಊಹಿಸಿದರು. (ಮುಂದೆ ವಾಯೇಜರ್ ನೌಕೆ ನೋಡಿದಾಗ ಅದು ಇವರು ಅಂದುಕೊಂಡದ್ದಕ್ಕಿಂತ ಎಷ್ಟೋ ತೆಳು ಎಂದು ತಿಳಿಯಿತು.) 1977ರ ಮಾರ್ಚ್ 10ರಂದು ಯುರೇನಸ್ ಇನ್ನೊಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಗ್ರಹ ಹತ್ತಿರ ಬರುವ ಮೊದಲೇ ಕಾವಲೂರಿನಲ್ಲಿ ಆ ನಕ್ಷತ್ರ ಕೆಲವೇ ಸೆಕೆಂಡು ಮಂಕಾಯಿತು. ಕಾಣದ ಉಪಗ್ರಹವಿರಬೇಕು ಎಂದುಕೊಂಡರು. ಅದು ಯುರೇನಸ್‌ನ ಉಂಗುರ. ವಿಮಾನದಲ್ಲಿ ದೂರದರ್ಶಕವಿಟ್ಟು ನೋಡಿದ ಅಮೆರಿಕದ ತಂಡಕ್ಕೆ ಅಂಥ ಹಲವು ಇಳಿತಗಳು ಸಿಕ್ಕಿದ್ದವು. ಉಂಗುರದ ಶ್ರೇಯ ಅವರಿಗೆ ಹೋಯಿತು. ನ್ಯಾಯವೇ. ಆದರೂ ಆ ಕೆಲವು ಸೆಕೆಂಡುಗಳನ್ನು ಕಾವಲೂರು ಹಿಡಿದಿತ್ತು.

ದೊಡ್ಡ ದೂರದರ್ಶಕದ ಕನ್ನಡಿಯನ್ನು ಉಜ್ಜಿ ಹೊಳಪಿಟ್ಟದ್ದು ಬೆಂಗಳೂರಿನಲ್ಲೇ. ಅದು ಆಕಾಶಕ್ಕೆ ತೆರೆದುಕೊಳ್ಳುವುದನ್ನು ಬಾಪು ನೋಡಲಿಲ್ಲ. 1982ರ ಆಗಸ್ಟ್‌ನಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ರಾಜೀವ್ ಗಾಂಧಿ ಆ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಅವರ ಹೆಸರಿಟ್ಟರು. ಎರಡು ವರ್ಷದ ನಂತರ ಇಲ್ಲಿಯ ಚಿಕ್ಕ ದೂರದರ್ಶಕವೊಂದರಲ್ಲಿ ಸಿಕ್ಕ ಕ್ಷುದ್ರಗ್ರಹಕ್ಕೆ ರಾಮಾನುಜನ್ ಎಂದು ಹೆಸರು.

ಕಾವಲೂರಿಗೆ ಮುಂಗಾರೂ ಹಿಂಗಾರೂ ತಟ್ಟುತ್ತವೆ. ಒಳ್ಳೆಯ ರಾತ್ರಿಗಳು ಹೆಚ್ಚಾಗಿ ಜನವರಿಯಿಂದ ಮೇ ತಿಂಗಳವರೆಗೆ. ಹಾಗಾಗಿಯೇ ಸಂಸ್ಥೆ ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರಿನ ಇನ್ನೊಂದು ದೂರದರ್ಶಕ ಇಟ್ಟಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವವರು ಹೊಸಕೋಟೆಯಲ್ಲಿ ಕೂತಿರುತ್ತಾರೆ. ಕಾವಲೂರಿನಲ್ಲಿ ಸಾರ್ವಜನಿಕರಿಗೆ ಶನಿವಾರ ಪ್ರವೇಶವಿರುವುದು ರೂಢಿ. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಷ್ಟು ದೂರ ಹೋಗಲಾರದವರಿಗೆ ಮನೆಯ ತಾರಸಿ ಇದೆ. 2019ರ ಕೊನೆಯಿಂದ 2020ರ ಫೆಬ್ರುವರಿವರೆಗೆ ಆರಿದ್ರಾ ಎಲ್ಲರ ಕಣ್ಣೆದುರೇ ಮಂಕಾಯಿತು. ಅದು ಸಿಡಿಯುತ್ತದೆ ಎಂದು ಸುದ್ದಿವಾಹಿನಿಗಳು ಗದ್ದಲ ಹಾಕಿದವು. ನಕ್ಷತ್ರ ತಾನೇ ಉಗುಳಿದ ದೂಳು ಅದರ ಮುಖಕ್ಕೆ ಅಡ್ಡ ನಿಂತಿತ್ತು ಎಂದು ಆಮೇಲೆ ಗೊತ್ತಾಯಿತು. ಅಂಥದ್ದು ಮತ್ತೆ ಯಾವಾಗಲೋ. ಡಿಸೆಂಬರ್ ಬಂದರೆ ಉತ್ತರದ ಕಡೆ ಪರ್ಸಿಯಸ್ ಪುಂಜದಲ್ಲಿ ಆಲ್ಗಾಲ್ ಎಂಬ ನಕ್ಷತ್ರ ಸಿಗುತ್ತದೆ. ಅದು ಒಂದನ್ನೊಂದು ಸುತ್ತುವ ಜೋಡಿ. ಮಂಕಾದ ಜೊತೆಗಾರ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅಡ್ಡ ಬರುತ್ತಾನೆ. ಆಗ ಬೆಳಕು ಸುಮಾರು ಐದು ಗಂಟೆಯಲ್ಲಿ ಮೂರನೇ ಒಂದಕ್ಕೆ ಇಳಿದು, ಮತ್ತೆ ಅಷ್ಟೇ ಹೊತ್ತಿನಲ್ಲಿ ಏರುತ್ತದೆ. ಅರ್ಧ ಗಂಟೆಗೊಮ್ಮೆ ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಪುಸ್ತಕದಲ್ಲಿ ಬರೆದಿಡಿ. ಒಂದು ಸ್ವೆಟರ್, ಕೆಂಪು ಕಾಗದ ಸುತ್ತಿದ ಟಾರ್ಚ್ ಸಾಕು. ಮೊಬೈಲ್ ಮಾತ್ರ ತೆಗೆಯಬೇಡಿ, ಕಣ್ಣು ಕತ್ತಲಿಗೆ ಒಗ್ಗಲಿ.