ಒಂದರ ಬಾಯಿ, ಇನ್ನೊಂದರ ಕಿವಿ

ಮೈಸೂರಿನ ಮಾನಸಗಂಗೋತ್ರಿ ವಿದ್ಯಾಕೇಂದ್ರವು ಆರಂಭವಾದ 1960ರಲ್ಲಿಯೇ ಅಮೆರಿಕದಲ್ಲಿ ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕದ ನಿಯಮಾವಳಿ ಜನ್ಮ ತಾಳಿತು. ಸಂಕೇತಗಳನ್ನು ಒಂದರ ಹಿಂದೆ ಒಂದರಂತೆ ಒಂದೇ ತಂತಿಯಲ್ಲಿ ಕಳುಹಿಸುವ ಈ ಪದ್ಧತಿ ಹಳತಾದರೂ ಅಳಿದಿಲ್ಲ. ಪ್ರಯೋಗಶಾಲೆಯ ಎಷ್ಟೋ ಉಪಕರಣಗಳು ಇಂದಿಗೂ ಇದರ ಮೂಲಕವೇ ಕಂಪ್ಯೂಟರಿನೊಡನೆ ಮಾತನಾಡುತ್ತವೆ.

ಮೈಸೂರಿನ ಕಾಲೇಜೊಂದರ ವಿದ್ಯಾರ್ಥಿಯು ಎರಡು ಕಂಪ್ಯೂಟರುಗಳನ್ನು ಹೀಗೆ ಜೋಡಿಸಿದನೆಂದು ಭಾವಿಸೋಣ. ಪ್ಲಗ್ಗುಗಳು ಸರಿಯಾಗಿಯೇ ಕೂತಿವೆ. ಆದರೆ ಪರದೆಯ ಮೇಲೆ ಒಂದಕ್ಷರವೂ ಮೂಡದು. ಕಾರಣವೇನು? ಒಂಬತ್ತು ಪಿನ್ನುಗಳ ಕನೆಕ್ಟರಿನಲ್ಲಿ ಕಂಪ್ಯೂಟರಿಗೆ 3ನೆಯ ಪಿನ್ನು ಬಾಯಿ, 2ನೆಯದು ಕಿವಿ, 5ನೆಯದು ಇಬ್ಬರಿಗೂ ಸಮಾನವಾದ ನೆಲೆ. ನೇರವಾಗಿ ಜೋಡಿಸಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಕೂಡುತ್ತವೆ. ಸಂಭಾಷಣೆ ನಡೆಯುವುದಾದರೂ ಹೇಗೆ? ಇನ್ನೂ ಹಳೆಯ 25 ಪಿನ್ನುಗಳ ಕನೆಕ್ಟರಿನಲ್ಲಿಯಾದರೋ 2 ಬಾಯಿ, 3 ಕಿವಿ, 7 ನೆಲೆ!

ಈ ತೊಡಕಿಗೆ ಎಂಟು ತಂತಿಗಳ ಮಾಡ್ಯುಲರ್ ಜ್ಯಾಕು ಸೊಗಸಾದ ಪರಿಹಾರ. ಯಂತ್ರ ಯಾವುದೇ ಆಗಿರಲಿ, ಅಡಾಪ್ಟರಿನೊಳಗೆ ಅದರ ಬಾಯಿಯನ್ನು ಜ್ಯಾಕಿನ 3ಕ್ಕೂ ಕಿವಿಯನ್ನು 6ಕ್ಕೂ ನೆಲೆಯನ್ನು 4 ಮತ್ತು 5ಕ್ಕೂ ಸೇರಿಸಬೇಕು. ಅನಂತರ 1ನ್ನು 8ಕ್ಕೆ, 2ನ್ನು 7ಕ್ಕೆ ಎಂಬಂತೆ ತಿರುವಿದ ಕೇಬಲ್ಲನ್ನು ಹಾಕಿದರಾಯಿತು. 3 ಹೋಗಿ 6ನ್ನು ಸೇರುತ್ತದೆ. 4 ಮತ್ತು 5 ಅದಲುಬದಲಾದರೂ ನೆಲೆ ನೆಲೆಯಾಗಿಯೇ ಉಳಿಯುತ್ತದೆ. ಯಂತ್ರ ಬದಲಾದರೂ ಕೇಬಲ್ಲು ಒಂದೇ. ಚಪ್ಪಟೆ ಕೇಬಲ್ಲನ್ನು ತಿರುಚದೆ ಮೇಜಿನ ಮೇಲೆ ಹಾಸಿದಾಗ ಎರಡು ಪ್ಲಗ್ಗುಗಳ ಕ್ಲಿಪ್ಪುಗಳೂ ಒಂದೇ ಮಗ್ಗುಲಿಗಿದ್ದರೆ ಅದು ತಿರುವಿದ ಕೇಬಲ್ಲೆಂದು ತಿಳಿಯತಕ್ಕದ್ದು.

ಅಡಾಪ್ಟರಿನ ತಂತಿಗಳ ಬಣ್ಣವನ್ನು ನಂಬಲಾಗದು. ತಯಾರಕರೆಲ್ಲರೂ ಒಂದೇ ಕ್ರಮವನ್ನು ಅನುಸರಿಸುವುದಿಲ್ಲ. ಒಮ್ಮೆ ರಂಧ್ರದಲ್ಲಿ ಒತ್ತಿದ ಪಿನ್ನನ್ನು ಹೊರತೆಗೆಯುವುದೂ ಕಷ್ಟ. ಆದುದರಿಂದ ಮೊದಲು ಮಲ್ಟಿಮೀಟರಿನಿಂದ ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಪರೀಕ್ಷಿಸಿ, ಬರೆದಿಟ್ಟುಕೊಂಡು, ಬಳಿಕ ಒತ್ತಬೇಕು. ಉಪಕರಣದ ಕೈಪಿಡಿಯನ್ನೂ ನೋಡಬೇಕು. ಮೋಡೆಮ್ಮಿನಂತಹವುಗಳಲ್ಲಿ ಬಾಯಿ ಕಿವಿಗಳ ಸ್ಥಾನ ಕಂಪ್ಯೂಟರಿಗೆ ವಿರುದ್ಧವಾಗಿರುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಇದೇ ಆಕಾರದ ಜ್ಯಾಕು ಕಂಪ್ಯೂಟರ್ ಜಾಲಗಳಿಗೂ ಉಂಟು; ಅವುಗಳಲ್ಲಿ ಕೆಲವೆಡೆ ಸುಮಾರು 48 ವೋಲ್ಟಿನ ವಿದ್ಯುತ್ತು ಹರಿಯುತ್ತಿರುತ್ತದೆ. ಸೀರಿಯಲ್ ಸಂಕೇತವಾದರೋ ಸಾಮಾನ್ಯವಾಗಿ 3ರಿಂದ 15 ವೋಲ್ಟುಗಳದು. ತಪ್ಪು ಜ್ಯಾಕಿಗೆ ಸಿಕ್ಕಿಸಿದರೆ ಬೆಲೆಬಾಳುವ ಉಪಕರಣವು ಕ್ಷಣದಲ್ಲಿ ಕೆಡಬಹುದು. ಪ್ರತಿಯೊಂದು ಅಡಾಪ್ಟರಿಗೂ ಹೆಸರಿನ ಚೀಟಿ ಅಂಟಿಸುವುದು ಕ್ಷೇಮ. ಪ್ಲಗ್ಗು ಹಿಡಿಸಿತೆಂದ ಮಾತ್ರಕ್ಕೆ ಜೋಡಣೆ ಸರಿಯಾಯಿತೆಂದಲ್ಲ.