ಹೆಣದಲ್ಲಿ ಏರುವ ಔಷಧದ ಅಂಕಿ

ಅನುಮಾನಾಸ್ಪದ ಸಾವಿನ ಸುದ್ದಿಯ ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದ ಮೇಲಷ್ಟೇ ನಿಖರ ಕಾರಣ ತಿಳಿಯಲಿದೆ. ವರದಿ ಬಂದ ಮೇಲೆಯೇ ಅಸಲಿ ತಕರಾರು ಶುರುವಾಗುವುದು.

ರಕ್ತಸಂಚಾರ ನಿಂತರೂ ಔಷಧದ ಸಂಚಾರ ನಿಲ್ಲುವುದಿಲ್ಲ. ಶ್ವಾಸಕೋಶ, ಯಕೃತ್ತು, ಹೃದಯದ ಸ್ನಾಯುಗಳಲ್ಲಿ ಸೇರಿಕೊಂಡಿದ್ದದ್ದು, ಜೀವಕೋಶಗಳು ಶಿಥಿಲವಾದಂತೆ ಪಕ್ಕದ ರಕ್ತಕ್ಕೆ ಸೋರುತ್ತದೆ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಇದಕ್ಕೆ ಕುಖ್ಯಾತ. ಹೃದ್ರೋಗದ ಡಿಜಾಕ್ಸಿನ್ ಕೂಡ ಹಾಗೆಯೇ: ವೈದ್ಯರು ಬರೆದುಕೊಟ್ಟಷ್ಟನ್ನೇ ನುಂಗುತ್ತಿದ್ದ ಅಜ್ಜಿಯ ಹೃದಯದ ರಕ್ತದಲ್ಲಿ, ಸತ್ತ ಮೇಲೆ, ವಿಷವೆನಿಸುವಷ್ಟು ಸಿಗಬಹುದು. ಹಾಗಾಗಿ ಬಲ್ಲವರು ಅಂಕಿಗೆ ಮುಂಚೆ ಬಾಟಲಿ ಮೇಲಿನ ಚೀಟಿ ಓದುತ್ತಾರೆ. ತೊಡೆಯ ರಕ್ತನಾಳವನ್ನು ಮೇಲ್ಗಡೆ ಕಟ್ಟಿ ತೆಗೆದ ರಕ್ತವಾದರೆ ಸರಿ. ಬರೀ ‘ರಕ್ತ’ ಎಂದಿದ್ದರೆ ಅರ್ಧ ಕೆಲಸ ಕೆಟ್ಟಂತೆಯೇ.

ಮದ್ಯದ ವಿಚಾರದಲ್ಲಿ ಗೋಜಲು ಇನ್ನೂ ಹೆಚ್ಚು. ಕೊಳೆಯುವ ದೇಹದಲ್ಲಿ ಸೂಕ್ಷ್ಮಾಣುಗಳೇ ಸಕ್ಕರೆಯನ್ನು ಹುಳಿಯಿಸಿ ಆಲ್ಕೋಹಾಲ್ ಮಾಡಿಬಿಡುತ್ತವೆ. ತೊಟ್ಟೂ ಮುಟ್ಟದವನು ಕುಡುಕನೆನಿಸಿ, ಮನೆಯವರ ವಿಮೆ ಹಣಕ್ಕೆ ಕುತ್ತು ಬರಬಹುದು. ಅದಕ್ಕೇ ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಬೆರೆಸುತ್ತಾರೆ. ಕಣ್ಣುಗುಡ್ಡೆಯೊಳಗಿನ ಲೋಳೆಯಂಥ ದ್ರವವನ್ನೂ ಸಿರಿಂಜಿನಲ್ಲಿ ಎಳೆದು ಹೋಲಿಸುತ್ತಾರೆ. ಕೊಳೆತ ಅಲ್ಲಿಗೆ ತಡವಾಗಿ ತಲುಪುತ್ತದೆ.

ನಮ್ಮಲ್ಲಿ ಜಠರ, ಕರುಳು, ಯಕೃತ್ತು, ಮೂತ್ರಪಿಂಡದ ತುಂಡುಗಳು ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿ, ಅರಗಿನ ಮುದ್ರೆ ಹಾಕಿಸಿಕೊಂಡು, ಪೇದೆಯ ಕೈಯಲ್ಲಿ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೋ ಪ್ರಾದೇಶಿಕ ಲ್ಯಾಬಿಗೋ ಹೋಗುತ್ತವೆ. ಕೀಟನಾಶಕ ಕುಡಿದಿದ್ದಾರೋ ಇಲ್ಲವೋ ಎಂಬ ಪ್ರಶ್ನೆಗೆ ಇಷ್ಟು ಸಾಕು. ‘ಎಷ್ಟು’ ಎಂದು ಕೇಳಿದರೆ ಉಪ್ಪುನೀರಿನ ಡಬ್ಬಿಗಳಿಂದ ಹೆಚ್ಚು ನಿರೀಕ್ಷಿಸಬಾರದು. ಟಿವಿ ಚರ್ಚೆಗಳಲ್ಲಿ ‘ಮಾರಣಾಂತಿಕ ಪ್ರಮಾಣ’ ಎಂದು ಕೂಗುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಅಂಕಿ ನೆಟ್ಟಗಿದ್ದರೂ ಸತ್ತವರ ಅಭ್ಯಾಸ ತಿಳಿಯಬೇಕು. ನಿತ್ಯ ಮಾರ್ಫಿನ್ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿ ತಾಳಿಕೊಳ್ಳುವ ಪ್ರಮಾಣ ಹೊಸಬರನ್ನು ಕೊಲ್ಲುತ್ತದೆ. ಇಂಗ್ಲೆಂಡಿನ ಹೈಡ್ ಪಟ್ಟಣದ ವೈದ್ಯ ಹೆರಾಲ್ಡ್ ಶಿಪ್‌ಮನ್ ಆಸರೆ ಮಾಡಿಕೊಳ್ಳಲು ನೋಡಿದ್ದು ಇದನ್ನೇ. 1998ರ ಆಗಸ್ಟ್‌ನಲ್ಲಿ ಆತನ ರೋಗಿಯೊಬ್ಬರ ಶವವನ್ನು ಗೋರಿಯಿಂದ ತೆಗೆದು ಪರೀಕ್ಷಿಸಿದಾಗ ತೊಡೆಯ ಸ್ನಾಯುವಿನಲ್ಲಿ ಮಾರ್ಫಿನ್ ಸಿಕ್ಕಿತು. ಆ ವೃದ್ಧೆಗೇ ಮಾದಕದ ಚಟವಿತ್ತೇನೋ ಎಂದ ಆತ; ಕಡತದಲ್ಲಿ ಹಾಗೆಂದು ಟಿಪ್ಪಣಿಯೂ ಇತ್ತು. ಹಳೆ ತಾರೀಖು ಹಾಕಿ ಅದನ್ನು ಬರೆದವನು ಶಿಪ್‌ಮನ್ನೇ. 2000ರ ಜನವರಿಯಲ್ಲಿ 15 ಕೊಲೆಗಳಿಗೆ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.